ಟ್ರೋಲ್ ಬಿರುಗಾಳಿ ದೇವರ ಪಂಥ ಸೇರಬಹುದೇ? ಕಲ್ಪನಾಲೋಕದ ಜೀವಕುಲ ಮತ್ತು ಪಂಥಗಳ ಪ್ರಶ್ನೆ ಬಿಡಿಸುವ ಸಮಗ್ರ ಮಾರ್ಗದರ್ಶಿ

ಪತ್ತನಾಜೆ ಕಳೆದು ಯಕ್ಷಗಾನ ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚಿದ ಮೇಲೆ ನಮ್ಮ ಕಾಸರಗೋಡಿನ ಕಡೆ ಭಾನುವಾರದ ಮಧ್ಯಾಹ್ನಗಳು ಬಿಡುವಾಗುತ್ತವೆ. ಬದಿಯಡ್ಕದ ಬಳಿಯ ನಮ್ಮ ಮನೆಯ ಚಾವಡಿಯಲ್ಲಿ ಐದಾರು ಮಂದಿ ಸೇರಿ ಕನ್ನಡದಲ್ಲೇ, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಕಥೆ ನಡೆಸುವ ರೋಲ್‌ಪ್ಲೇಯಿಂಗ್ ಆಟ ಆಡುತ್ತೇವೆ. ಪೆರ್ಲ, ಮುಳ್ಳೇರಿಯದ ಗೆಳೆಯರೂ ತಮ್ಮ ತಮ್ಮ ಮನೆಗಳಲ್ಲಿ ಶುರುಮಾಡಿದ್ದಾರೆ. ಅವರು ಫೋನ್ ಮಾಡಿ ಹೇಳಿಕೊಳ್ಳುವ ಕಷ್ಟ ಮಾತ್ರ ಪ್ರತಿ ಸಲವೂ ಒಂದೇ. ಕಥೆ ಓಡುತ್ತಿರುತ್ತದೆ, ಯಾರೋ ಒಬ್ಬರು “ಟ್ರೋಲ್ ಆದವನು ಒರ್ಲಾಂತ್‌ನ ಪಂಥ ಸೇರಬಹುದೇ?” ಎಂದು ಕೇಳುತ್ತಾರೆ. ಟ್ರೋಲ್ ಎಂದರೆ ಆ ಆಟದ ಕತ್ತಲೆಯ ಜೀವಿ, ಒರ್ಲಾಂತ್ ಬಿರುಗಾಳಿಯ ದೇವರು. ಒಬ್ಬರು ಪುಸ್ತಕ ತೆರೆಯುತ್ತಾರೆ, ಇನ್ನೊಬ್ಬರು ಮೊಬೈಲ್ ತೆರೆಯುತ್ತಾರೆ, ಮೂರನೆಯವರು ಬೇರೆ ಯಾವುದೋ ಆಟದ ಟ್ರೋಲ್‌ನ ಕಥೆ ಎತ್ತುತ್ತಾರೆ. ಚಹಾ ಆರುತ್ತದೆ. ಆ ದಿನದ ಆಟ ಅಲ್ಲಿಗೇ ನಿಲ್ಲುತ್ತದೆ.

ತಪ್ಪು ಇರುವುದು ತಿಳಿವಳಿಕೆಯಲ್ಲಿ ಅಲ್ಲ, ಕ್ರಮದಲ್ಲಿ. ಪ್ರಶ್ನೆಯನ್ನು ಒಡೆಯುವ ಮೊದಲೇ ಪುಸ್ತಕ ತೆರೆಯುತ್ತೇವೆ. ಯಾವ ಕಲ್ಪನಾಲೋಕಕ್ಕಾದರೂ ಹೊಂದುವ ಕ್ರಮವೊಂದನ್ನು ಇಲ್ಲಿ ಬರೆದಿದ್ದೇನೆ. ಉದಾಹರಣೆಗಳು ಮಾತ್ರ ರೂನ್‌ಕ್ವೆಸ್ಟ್ ಆಟದ ಗ್ಲೊರಾಂತಾ ಲೋಕದವು. ಅಲ್ಲಿ ಒಂದು ಪಾತ್ರದ ಬಾಳನ್ನು ಕಸುಬಿಗಿಂತ ಹೆಚ್ಚಾಗಿ ಪಂಥವೇ ತೀರ್ಮಾನಿಸುತ್ತದೆ. ಆದ್ದರಿಂದ ಇಂಥ ಪ್ರಶ್ನೆಗಳು ಅಲ್ಲಿ ಹೆಜ್ಜೆಹೆಜ್ಜೆಗೂ ಏಳುತ್ತವೆ.

ಬೇಕಾಗುವ ಸಾಮಗ್ರಿ

200 ಪುಟದ ಒಂದು ನೋಟ್‌ಬುಕ್, ಅಂಚೆ ಕಾರ್ಡಿನ ಅಳತೆಯ ದಪ್ಪ ಕಾಗದದ ತುಂಡುಗಳು, ಒಂದು ಕೆಂಪು ಮತ್ತು ಒಂದು ನೀಲಿ ಪೆನ್ಸಿಲ್, ನಿಮ್ಮ ತಂಡ ಒಪ್ಪಿಕೊಂಡ ಒಂದೇ ಒಂದು ನಿಯಮಪುಸ್ತಕ, ಆ ಲೋಕದ ನಕ್ಷೆ, ಎರಡು ನಿಮಿಷ ಅಳೆಯಲು ಒಂದು ಗಡಿಯಾರ. ಪೆನ್ ಬೇಡ. ಆಟಿ ತಿಂಗಳ ಮಳೆಯ ತೇವಕ್ಕೆ ಕಾಗದ ಮೆತ್ತಗಾಗಿ ಶಾಯಿ ಹಬ್ಬುತ್ತದೆ. ನಮ್ಮ ಮೊದಲ ವರ್ಷದ ಕಾರ್ಡುಗಳಲ್ಲಿ ಅರ್ಧದಷ್ಟನ್ನು ಈಗ ಓದಲಾಗುವುದಿಲ್ಲ. ಕಾರ್ಡುಗಳನ್ನು ಮುಚ್ಚಳ ಬಿಗಿಯಾದ ಸ್ಟೀಲ್ ಡಬ್ಬಿಯಲ್ಲಿಡಿ. ದಾಳ ಉರುಳಿಸಲು ಅಡಿಕೆ ಹಾಳೆಯ ತಟ್ಟೆಗಿಂತ ಒಳ್ಳೆಯದು ಇನ್ನೊಂದಿಲ್ಲ, ಸದ್ದೂ ಇಲ್ಲ, ದಾಳ ಹೊರಗೆ ಜಾರುವುದೂ ಇಲ್ಲ.

ಆಟಕ್ಕೆ ಕೂರುವ ಮೊದಲು

1. ಪದಗಳನ್ನು ಒಪ್ಪಿಕೊಳ್ಳಿ

ಇಂಗ್ಲಿಷಿನ ‘ರೇಸ್’ ಪದಕ್ಕೆ ನಮ್ಮ ತಂಡದ ಒಬ್ಬ ತನ್ನ ಪಾತ್ರದ ಹಾಳೆಯಲ್ಲಿ ‘ಜಾತಿ: ಟ್ರೋಲ್’ ಎಂದು ಬರೆದುಕೊಂಡಿದ್ದ. ಆ ಒಂದು ಪದದಿಂದ ಮೂರು ವಾರ ಆಟ ದಾರಿ ತಪ್ಪಿತು. ಜಾತಿ ಎಂದ ಕೂಡಲೇ ಯಾರು ಮೇಲು, ಯಾರ ಮನೆಯಲ್ಲಿ ಯಾರು ಉಣ್ಣಬಹುದು ಎಂಬ ಲೆಕ್ಕ ನಮಗೆ ಗೊತ್ತಿಲ್ಲದಂತೆಯೇ ಒಳಗೆ ಬಂದುಬಿಡುತ್ತದೆ. ‘ಜನಾಂಗ’ವೂ ಸಾಲದು, ಏಕೆಂದರೆ ಈ ಲೋಕದ ಎಲ್ಫ್‌ಗಳು ಜನರೇ ಅಲ್ಲ, ಸಸ್ಯಗಳು. ನಾವು ಈಗ ‘ಜೀವಕುಲ’ ಎನ್ನುತ್ತೇವೆ.

‘ಕಲ್ಟ್’ ಎಂಬುದೂ ಹಾಗೆಯೇ. ಪತ್ರಿಕೆಯಲ್ಲಿ ಆ ಪದ ಬಂದರೆ ಗುಟ್ಟಾಗಿ ಕೆಡುಕು ನಡೆಸುವ ಗುಂಪು ಎಂದು ಓದಿಕೊಳ್ಳುತ್ತೇವೆ. ಗ್ಲೊರಾಂತಾದಲ್ಲಿ ಅದಕ್ಕೆ ಆ ಬಣ್ಣವಿಲ್ಲ, ಒಂದು ದೇವರನ್ನು ಆರಾಧಿಸುವ ವ್ಯವಸ್ಥೆ ಅಷ್ಟೆ. ‘ಪಂಥ’ ಸರಿಯಾದ ಪದ. ಹೊಸಬರಿಗೆ ಇದನ್ನು ಮೊದಲ ದಿನವೇ ಹೇಳದಿದ್ದರೆ ಗಾಯ ವಾಸಿಮಾಡುವ ಚಲಾನಾ ಅರಾಯ್‌ಳ ಪಂಥದವರನ್ನೂ ಅನುಮಾನದಿಂದ ನೋಡುತ್ತಾರೆ.

ಹೆಸರುಗಳ ಕನ್ನಡ ಕಾಗುಣಿತವನ್ನೂ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಒಮ್ಮೆಗೇ ಬರೆದಿಡಿ. ತುಳು, ಮಲಯಾಳ, ಹವ್ಯಕ, ಕೊಂಕಣಿ ಮನೆಮಾತಿನವರು ಒಂದೇ ಚಾವಡಿಯಲ್ಲಿ ಕುಳಿತಾಗ ಒಂದೇ ದೇವರಿಗೆ ನಾಲ್ಕು ಉಚ್ಚಾರ ಹುಟ್ಟುತ್ತದೆ. ಆಮೇಲೆ ಅವು ನಾಲ್ಕು ದೇವರುಗಳೇ ಆಗಿಬಿಡುತ್ತವೆ.

2. ಜೀವಕುಲದ ಕಾರ್ಡ್: ದೇಹದಿಂದ ಶುರುಮಾಡಿ

ಹೆಚ್ಚಿನವರು ಸ್ವಭಾವದಿಂದ ಶುರುಮಾಡುತ್ತಾರೆ: ‘ಟ್ರೋಲ್‌ಗಳು ಕ್ರೂರಿಗಳು’, ‘ಎಲ್ಫ್‌ಗಳು ಗರ್ವಿಗಳು’. ಇದರಿಂದ ಯಾವ ಪ್ರಶ್ನೆಗೂ ಉತ್ತರ ಹುಟ್ಟುವುದಿಲ್ಲ. ಹೇಗೆ ಹುಟ್ಟುತ್ತದೆ, ಏನು ತಿನ್ನುತ್ತದೆ, ಹೇಗೆ ಕಾಣುತ್ತದೆ, ಹೇಗೆ ಸಾಯುತ್ತದೆ ಎಂಬ ನಾಲ್ಕನ್ನು ಬರೆಯಿರಿ. ಸ್ವಭಾವ ತಾನಾಗಿ ಹೊರಬರುತ್ತದೆ.

ಟ್ರೋಲ್‌ಗಳನ್ನೇ ನೋಡಿ. ಅವರು ತಮ್ಮನ್ನು ಕರೆದುಕೊಳ್ಳುವುದು ಉಜ್ ಎಂದು. ಕತ್ತಲೆಯ ಜೀವಿಗಳು. ಕಣ್ಣಿಗಿಂತ ಹೆಚ್ಚಾಗಿ ಕತ್ತಲಲ್ಲಿ ಸುತ್ತಲಿನದನ್ನು ಗ್ರಹಿಸುವ ಒಂದು ವಿಶೇಷ ಇಂದ್ರಿಯವನ್ನು ನಂಬುತ್ತಾರೆ. ಏನನ್ನು ಬೇಕಾದರೂ ತಿನ್ನಬಲ್ಲರು. ಇನ್ನು ಹುಟ್ಟು: ಹಿಂದೊಂದು ಮಹಾಯುದ್ಧದ ಕಾಲದಲ್ಲಿ, ತಾವು ಗ್ಬಾಜಿ ಎಂದು ಕರೆಯುವ ಶತ್ರುವಿನಿಂದ ಅವರ ಮೇಲೊಂದು ಶಾಪ ಬಿತ್ತು. ಅಂದಿನಿಂದ ತಾಯಂದಿರಿಗೆ ಹುಟ್ಟುವ ಮಕ್ಕಳಲ್ಲಿ ಬಹುಪಾಲು ಕುಬ್ಜರು, ದುರ್ಬಲರು. ಅವರಿಗೆ ಟ್ರೋಲ್‌ಕಿನ್ ಎಂದು ಹೆಸರು. ಈ ಒಂದು ಸಾಲನ್ನು ಕಾರ್ಡಿನಲ್ಲಿ ಬರೆದುಕೊಂಡರೆ ಟ್ರೋಲ್ ಪಾತ್ರ ಬದಲಾಗುತ್ತದೆ. ಒಂದು ಗಟ್ಟಿ ಮಗುವಿಗಾಗಿ ಕಾಯುವ ತಾಯಿ ಕಣ್ಣಿಗೆ ಕಟ್ಟುತ್ತಾಳೆ. ಈ ಲೋಕದ ಅತ್ಯಂತ ನೋವಿನ ಸಂಗತಿ ನನ್ನ ಮಟ್ಟಿಗೆ ಇದೇ, ಇದನ್ನು ಬಿಟ್ಟು ಟ್ರೋಲ್ ಆಡಿಸಿದರೆ ಬರಿಯ ದಪ್ಪ ಚರ್ಮದ ರಾಕ್ಷಸ ಉಳಿಯುತ್ತಾನೆ.

ಉಳಿದವು ಬೇಗ ಮುಗಿಯುತ್ತವೆ. ಎಲ್ಫ್‌ಗಳಲ್ಲಿ ಕಂದು ಎಲ್ಫ್ ಎಲೆ ಉದುರಿಸುವ ಮರಗಳ ಕುಲದ್ದು, ಚಳಿಗಾಲದಲ್ಲಿ ನಿದ್ದೆಗೆ ಜಾರುತ್ತದೆ. ನಿಮ್ಮ ಕಥೆ ಚಳಿಗಾಲದಲ್ಲಿ ನಡೆಯುವುದಾದರೆ ಆ ಪಾತ್ರವನ್ನು ಕೊಡುವ ಮೊದಲೇ ಆಟಗಾರನಿಗೆ ಹೇಳಿ. ಮೊಸ್ಟಾಲಿ ಎಂಬ ಕುಳ್ಳರ ಕಣ್ಣಿಗೆ ಇಡೀ ಜಗತ್ತು ಕೆಟ್ಟುಹೋದ ಒಂದು ಯಂತ್ರ, ಅದನ್ನು ದುರಸ್ತಿ ಮಾಡುವುದೇ ಅವರ ಬಾಳು. ಡ್ರ್ಯಾಗನ್‌ನ್ಯೂಟ್ ಎಂಬ ಡ್ರ್ಯಾಗನ್ ಬಳಗದ ಜೀವಿ ಸತ್ತರೆ ಮತ್ತೆ ತನ್ನ ಮೊಟ್ಟೆಯಿಂದ ಹುಟ್ಟಿಬರುತ್ತದೆ. ಆದ್ದರಿಂದ ‘ಸಾಕ್ಷಿಯನ್ನು ಕೊಂದರೆ ಗುಟ್ಟು ಉಳಿಯುತ್ತದೆ’ ಎಂಬ ಲೆಕ್ಕ ಅದರ ಮುಂದೆ ನಡೆಯದು.

ಎಚ್ಚರಿಕೆ: ಕತ್ತಲೆ ಎಂದರೆ ಕೆಡುಕು ಎಂದು ಬರೆಯಬೇಡಿ. ಗ್ಲೊರಾಂತಾದಲ್ಲಿ ಕತ್ತಲೆ, ನೀರು, ಭೂಮಿ, ಬೆಂಕಿ, ಗಾಳಿ ಎಲ್ಲವೂ ಜಗತ್ತಿನ ಸಹಜ ಅಂಗಗಳು. ಜಗತ್ತನ್ನು ತಿಂದುಹಾಕಲು ಬಂದ ಅವ್ಯವಸ್ಥೆಯೇ ಬೇರೆ, ಅದನ್ನು ಕೇಯಾಸ್ ಎನ್ನುತ್ತಾರೆ. ಟ್ರೋಲ್‌ಗಳೂ ಅದರ ಕಡುವೈರಿಗಳು. ಇವೆರಡನ್ನು ಬೆರೆಸಿದ ತಂಡ ಮುಂದೆ ಪ್ರತಿ ಪ್ರಶ್ನೆಯಲ್ಲೂ ಎಡವುತ್ತದೆ.

3. ಪಂಥದ ಕಾರ್ಡ್: ಏಳು ಸಾಲು

ಹೆಚ್ಚು ಹೊತ್ತು ಕೊಡಬೇಕಾದದ್ದು ಇದಕ್ಕೆ. ನಿಮ್ಮ ಆಟಗಾರರ ಪಂಥಗಳಿಗೆ ಮಾತ್ರ ಕಾರ್ಡ್ ಮಾಡಿ. ಲೋಕದ ಎಲ್ಲ ಪಂಥಗಳಿಗೂ ಮಾಡಲು ಹೊರಟರೆ ಮಳೆಗಾಲ ಮುಗಿದರೂ ಆಟ ಶುರುವಾಗದು. ದೇವರು ಯಾರು ಮತ್ತು ಏನು ಮಾಡಿದನು, ಯಾರು ಸೇರಬಹುದು, ಸೇರಿದವರು ಏನು ಕೊಡಬೇಕು, ಏನು ಮಾಡಬಾರದು, ಏನು ಪಡೆಯುತ್ತಾರೆ, ಯಾರು ನೆಂಟರು ಮತ್ತು ಯಾರು ಹಗೆಗಳು, ಸತ್ತ ಮೇಲೆ ಏನು. ಇಷ್ಟೇ ಏಳು ಸಾಲು, ಕಾರ್ಡಿನ ಒಂದೇ ಬದಿ.

ನಮ್ಮ ಡಬ್ಬಿಯಲ್ಲಿರುವ ಹುಮಾಕ್ಟ್ ಕಾರ್ಡ್ ಹೀಗಿದೆ. ಸಾವಿನ ದೇವರು, ಕತ್ತಿಯ ದೇವರು. ಒರ್ಲಾಂತ್‌ನ ಬಳಗದವನೇ ಆಗಿದ್ದು ಆ ನಂಟನ್ನು ಕಡಿದುಕೊಂಡವನು. ಯೋಧರು ಸೇರುತ್ತಾರೆ. ಸತ್ಯ ಮತ್ತು ಮಾನ ಬಿಡುವಂತಿಲ್ಲ. ದೇವರು ವರ ಕೊಡುತ್ತಾನೆ, ಪ್ರತಿ ವರದ ಜೊತೆಗೆ ಒಂದು ವ್ರತವನ್ನೂ ಕಟ್ಟುತ್ತಾನೆ. ಸತ್ತವರನ್ನು ಎಬ್ಬಿಸುವುದು, ಪ್ರೇತವಾಗಿ ತಿರುಗಿಸುವುದು ಅವನಿಗೆ ಸಲ್ಲದು. ಕೊನೆಯ ಸಾಲನ್ನು ಕೆಂಪು ಪೆನ್ಸಿಲಿನಲ್ಲಿ ಎರಡು ಸಲ ಗೀರಿದ್ದೇವೆ: ದೀಕ್ಷೆ ಪಡೆದವನು ಸತ್ತರೆ ಮರಳಿ ಬದುಕಿಸುವಂತಿಲ್ಲ.

ಈಗ ಪ್ರಶ್ನೆ ಬರಲಿ: ‘ನಮ್ಮ ಹುಮಾಕ್ಟ್ ಭಕ್ತ ಸತ್ತ, ಚಲಾನಾ ಅರಾಯ್ ಪಂಥದ ವೈದ್ಯೆ ಪಕ್ಕದಲ್ಲೇ ಇದ್ದಾಳೆ, ಎಬ್ಬಿಸಬಹುದೇ?’ ಆಕೆಗೆ ಶಕ್ತಿಯಿದೆ, ಮನಸ್ಸೂ ಇದೆ. ಆದರೂ ಉತ್ತರ ಆಕೆಯ ಕಾರ್ಡಿನಲ್ಲಿಲ್ಲ, ಸತ್ತವನ ಕಾರ್ಡಿನ ಏಳನೆಯ ಸಾಲಿನಲ್ಲಿದೆ. ನಮ್ಮಲ್ಲಿ ಇದು ನಿಜವಾಗಿ ನಡೆಯಿತು. ಕರೆಂಟ್ ಹೋಗಿತ್ತು, ಮೇಣದ ಬತ್ತಿಯ ಬೆಳಕಿನಲ್ಲಿ ವೈದ್ಯೆಯ ಪಾತ್ರ ಮಾಡುತ್ತಿದ್ದವಳು ಕಾರ್ಡ್ ಹಿಡಿದು ಆ ಕೆಂಪು ಗೆರೆ ಓದಿ, ಕೈ ಹಿಂದಕ್ಕೆ ತೆಗೆದುಕೊಂಡಳು. ಹತ್ತು ಸೆಕೆಂಡಿನ ಕೆಲಸ. ಆ ದಿನದ ಆಟವನ್ನು ಇವತ್ತಿಗೂ ಎಲ್ಲರೂ ನೆನೆಯುತ್ತಾರೆ.

ಮೆಟ್ಟಿಲುಗಳ ವಿಷಯದಲ್ಲಿ ಎಲ್ಲರೂ ತಪ್ಪುತ್ತಾರೆ. ‘ಪಂಥದವನು’ ಎಂಬ ಒಂದೇ ಮಾತಿನಲ್ಲಿ ಮೂರು ಬೇರೆ ಬೇರೆ ಸ್ಥಾನಗಳಿವೆ: ಪೂಜೆಗೆ ಬಂದು ಹೋಗುವ ಸಾಮಾನ್ಯ ಭಕ್ತ, ದೀಕ್ಷಿತ, ಪುರೋಹಿತ ಅಥವಾ ಪಂಥದ ಮುಖಂಡನಾದ ರೂನ್ ಲಾರ್ಡ್. ನಿಯಮದ ಪ್ರಕಾರ ದೀಕ್ಷಿತ ತನ್ನ ಆದಾಯದ ಮತ್ತು ಸಮಯದ ಶೇ. 10ರಷ್ಟನ್ನು ಪಂಥಕ್ಕೆ ಕೊಡಬೇಕು, ಮೇಲಿನವರು ಶೇ. 90ರಷ್ಟನ್ನು. ದೈವದ ಕೋಲ ನೋಡಲು ಅಂಗಳದಲ್ಲಿ ನಿಂತವರು, ಚಾಕರಿ ಹೊತ್ತವರು, ಗಡಿ ಹಿಡಿದವರು (ದೈವದ ಮುಂದೆ ಅಧಿಕಾರ ವಹಿಸಿಕೊಂಡ ಮುಖ್ಯಸ್ಥರು) ಈ ಮೂವರಿಗೂ ಒಂದೇ ಕಟ್ಟುಕಟ್ಟಳೆ ಅಲ್ಲ ಎಂದು ನಮ್ಮ ಕಡೆಯ ಮಕ್ಕಳಿಗೂ ಗೊತ್ತು. ಅಷ್ಟನ್ನು ಹೇಳಿದರೆ ಇಲ್ಲಿನ ಹೊಸ ಆಟಗಾರರಿಗೆ ಮೆಟ್ಟಿಲುಗಳು ತಕ್ಷಣ ಅರ್ಥವಾಗುತ್ತವೆ.

ಹೋಲಿಕೆ ಅಲ್ಲಿಗೇ ನಿಲ್ಲಲಿ. ಜುಮಾದಿ, ಗುಳಿಗ, ಪಂಜುರ್ಲಿ ನಮಗೆ ನಂಬಿಕೆ. ಅವುಗಳ ಹೆಸರಿನ ಎರಡು ಅಕ್ಷರ ಬದಲಿಸಿ ಆಟದ ಪಂಥ ಮಾಡುವುದು, ದೈವ ನುಡಿಯುವ ನುಡಿಕಟ್ಟನ್ನು ಅಣಕಿಸುವುದು ಬೇಡ. ಚಾವಡಿಯಲ್ಲಿ ಕುಳಿತವರಲ್ಲಿ ಒಬ್ಬರ ಮನೆಯಲ್ಲಿ ಆ ದೈವಕ್ಕೆ ದೀಪ ಇಡುತ್ತಿರುತ್ತಾರೆ. ನಾನು ಈ ವಿಷಯದಲ್ಲಿ ಕಟ್ಟುನಿಟ್ಟು, ಅಂಥ ಕಾರ್ಡ್ ಬಂದರೆ ಹರಿದುಹಾಕುತ್ತೇನೆ.

ಪ್ರಶ್ನೆ ಬಂದಾಗ

4. ಪ್ರಶ್ನೆಯನ್ನು ಮೂರಾಗಿ ಒಡೆಯಿರಿ

ಪುಸ್ತಕ ಮುಟ್ಟಬೇಡಿ. ಕೇಳಿದ ಪ್ರಶ್ನೆಯನ್ನು ಕೇಳಿದವರ ಮಾತಿನಲ್ಲೇ ನೋಟ್‌ಬುಕ್ಕಿನಲ್ಲಿ ಬರೆಯಿರಿ. ಅದರ ಕೆಳಗೆ ಮೂರು ಗೆರೆ ಎಳೆಯಿರಿ: ದೇಹ ತಡೆಯುತ್ತದೆಯೇ? ಪಂಥ ಒಪ್ಪುತ್ತದೆಯೇ? ಸ್ವಂತ ಜನ ಏನೆನ್ನುತ್ತಾರೆ?

ಟ್ರೋಲ್ ಪ್ರಶ್ನೆಗೆ ಹಚ್ಚಿ ನೋಡಿ. ದೇಹ: ಬಿಸಿಲು ಹಿಡಿಸದು, ಆದರೆ ಗಾಳಿಯನ್ನು ಆರಾಧಿಸಲು ದೇಹ ಅಡ್ಡ ಬರುವುದಿಲ್ಲ. ಪಂಥ: ಒರ್ಲಾಂತ್‌ನ ಪಂಥ ಮನುಷ್ಯರ ಕುಲ, ಬುಡಕಟ್ಟುಗಳೊಂದಿಗೆ ಹೆಣೆದುಕೊಂಡಿದೆ, ಅಲ್ಲಿ ದೀಕ್ಷೆ ಎಂದರೆ ಒಂದು ಊರಿನ ಮನುಷ್ಯನಾಗುವುದು. ಯಾವ ಊರು ಅವನನ್ನು ತನ್ನವನೆನ್ನುತ್ತದೆ? ಸ್ವಂತ ಜನ: ಕೈಗರ್ ಲಿಟಾರ್ ಟ್ರೋಲ್‌ಗಳ ಆದಿಮಾತೆ. ಆಕೆಯನ್ನು ಬಿಡುವುದು ದೇವರನ್ನು ಬದಲಿಸಿದಷ್ಟು ಸರಳವಲ್ಲ, ಹೆತ್ತವರ ಸಾಲನ್ನೇ ಬಿಟ್ಟ ಹಾಗೆ. ಪುಸ್ತಕ ತೆರೆಯದೆಯೇ ಅರ್ಧ ಉತ್ತರ ಬಂತು. ಉಳಿದದ್ದು ಒಂದು ಸಣ್ಣ ಪ್ರಶ್ನೆ: ಅನ್ಯಕುಲದವನನ್ನು ದತ್ತು ತೆಗೆದುಕೊಳ್ಳುವ ಊರು ಇದೆಯೇ?

ತಿರುಗುಮುರುಗಾದ ಪ್ರಶ್ನೆಯೂ ಬರುತ್ತದೆ, ಮನುಷ್ಯ ಟ್ರೋಲ್ ಆಗಬಹುದೇ ಎಂದು. ಆ ಲೋಕದ ಚರಿತ್ರೆಯಲ್ಲಿ ಆರ್ಕಾಟ್ ಎಂಬ ವೀರ ಗ್ಬಾಜಿಯ ವಿರುದ್ಧದ ಯುದ್ಧದಲ್ಲಿ ಟ್ರೋಲ್ ಆಗಿ ಮರುಹುಟ್ಟು ಪಡೆದ. ಅಂದರೆ ದಾರಿ ಇದೆ. ಆದರೆ ಅದು ಒಂದು ಸಂಜೆಯಲ್ಲಿ ಮುಗಿಯುವ ದಾರಿಯಲ್ಲ.

5. ಯಾರ ಬಾಯಿಯ ಮಾತು ಎಂದು ಕೇಳಿ

ಜುಮಾದಿ ದೈವದ ಕಥೆ ಹಾಡುವ ಪಾಡ್ದನವನ್ನು ಎರಡು ಕಡೆ ಕೇಳಿದವರಿಗೆ ಇದನ್ನು ವಿವರಿಸಬೇಕಿಲ್ಲ. ಹಾಡುವವರು ಬದಲಾದರೆ ಕಥೆಯ ತಿರುವೂ ಬದಲಾಗುತ್ತದೆ. ಗ್ಲೊರಾಂತಾವೂ ಹಾಗೆಯೇ ಕಟ್ಟಿದ ಲೋಕ.

ಸೂರ್ಯ ಚಕ್ರವರ್ತಿ ಯೆಲ್ಮ್‌ನನ್ನು ಒರ್ಲಾಂತ್ ಕೊಂದ. ಗಾಳಿಯ ಜನ ಹೇಳುವುದು: ದಬ್ಬಾಳಿಕೆ ಕೊನೆಯಾಯಿತು, ಅದರಿಂದಾದ ಕೇಡನ್ನು ಸರಿಪಡಿಸಲು ಒರ್ಲಾಂತ್ ತಾನೇ ಪಾತಾಳಕ್ಕೆ ಇಳಿದ. ಸೂರ್ಯನ ಜನ ಹೇಳುವುದು: ಬಂಡುಕೋರನೊಬ್ಬ ಜಗತ್ತಿನ ನ್ಯಾಯವನ್ನೇ ಕೊಂದ. ಟ್ರೋಲ್‌ಗಳ ಕಥೆ ಇವೆರಡಕ್ಕಿಂತ ಬೇರೆ: ನಾವು ಪಾತಾಳದ ವಂಡರ್‌ಹೋಮ್‌ನಲ್ಲಿ ಸುಖವಾಗಿದ್ದೆವು, ಸತ್ತ ಸೂರ್ಯ ಉರಿಯುತ್ತಾ ನಮ್ಮ ಮನೆಯೊಳಗೆ ಬಂದ, ಸುಟ್ಟುಕೊಂಡು ಮೇಲಕ್ಕೆ ಓಡಿಬಂದೆವು. ಘಟನೆ ಒಂದು. ‘ಟ್ರೋಲ್‌ಗಳಿಗೆ ಸೂರ್ಯನ ಮೇಲೆ ಏಕೆ ಸಿಟ್ಟು?’ ಎಂದು ಕೇಳಿದರೆ ಉತ್ತರ ಮೂರನೆಯ ಕಥೆಯಲ್ಲಿದೆ, ಮೊದಲ ಎರಡನ್ನು ಎಷ್ಟು ಓದಿದರೂ ಸಿಗದು.

ಆದ್ದರಿಂದ ‘ನಿಜ ಏನು’ ಎನ್ನುವ ಬದಲು ‘ಈ ಪಾತ್ರ ಇದನ್ನು ಯಾರಿಂದ ಕೇಳಿರುತ್ತಾನೆ’ ಎಂದು ಕೇಳಿ. ತಾಳಮದ್ದಳೆಯಲ್ಲಿ ಕೌರವನ ಅರ್ಥಧಾರಿ ಕೌರವನ ನ್ಯಾಯವನ್ನೇ ಮಂಡಿಸುತ್ತಾರೆ, ಪಾಂಡವರ ಕಡೆಯ ಮಾತನ್ನು ತಾವು ಆಡುವುದಿಲ್ಲ. ಆಟಗಾರರಿಗೂ ಅದೇ ನಿಯಮ ಕೊಡಿ. ಇಬ್ಬರು ಆಟಗಾರರು ಎರಡು ಕಥೆ ಹೇಳಿ ಜಗಳವಾಡಿದರೆ ತಡೆಯಬೇಡಿ, ಅದು ಪಾತ್ರಗಳ ಜಗಳವಾಗಿರುವ ತನಕ ಒಳ್ಳೆಯ ಆಟ. ದನಿ ಏರಿ ಪಾತ್ರದ ಹೆಸರು ಬಿಟ್ಟು ಒಬ್ಬರನ್ನೊಬ್ಬರು ಸ್ವಂತ ಹೆಸರಿನಿಂದ ಕರೆಯತೊಡಗಿದರೆ ಮಧ್ಯೆ ಬನ್ನಿ.

6. ಈಗ ಪುಸ್ತಕ ತೆರೆಯಿರಿ, ಒಂದೇ ಪುಸ್ತಕ

ಈ ಲೋಕದ ಕಲ್ಪನೆ 1966ರಲ್ಲಿ ಶುರುವಾಯಿತು. 1975ರಲ್ಲಿ ಮೊದಲು ಹಲಗೆಯಾಟವಾಗಿ ಬಂತು, 1978ರಲ್ಲಿ ರೂನ್‌ಕ್ವೆಸ್ಟ್, 2018ರಲ್ಲಿ ಈಗಿನ ಆವೃತ್ತಿ. ಇಷ್ಟು ವರ್ಷಗಳಲ್ಲಿ ಬರೆದವರ ಮನಸ್ಸೂ ಬದಲಾಗಿದೆ. ಸೂರ್ಯನ ಮಗನೆನಿಸಿದ ಯೆಲ್ಮಾಲಿಯೊ 1970ರ ದಶಕದ ಬರಹಗಳಲ್ಲೇ ಇದ್ದಾನೆ. 1990ರ ದಶಕದಲ್ಲಿ ಒರ್ಲಾಂತ್‌ನ ಜನರ ನಡುವೆ ಎಲ್ಮಾಲ್ ಎಂಬ ನಿಷ್ಠಾವಂತ ಸೂರ್ಯದೇವ ಮುಂದೆ ಬಂದ. ಹೊಸ ನಿಯಮಪುಸ್ತಕದಲ್ಲಿ ಮತ್ತೆ ಯೆಲ್ಮಾಲಿಯೊ ಮುಂದಿದ್ದಾನೆ. ಇಬ್ಬರೂ ಒಬ್ಬರೇ, ಬೇರೆಯೇ ಎಂದು ದಶಕಗಳಿಂದ ವಾದ ನಡೆದಿದೆ. ನಿಮ್ಮ ಚಾವಡಿಯಲ್ಲಿ ಅದು ತೀರ್ಮಾನವಾಗಬೇಕಿಲ್ಲ. ತಂಡ ಯಾವ ಪುಸ್ತಕ ಒಪ್ಪಿದೆಯೋ ಅದರ ಮಾತು ನಡೆಯಲಿ, ಉಳಿದದ್ದನ್ನು ಊರಿನವರು ಆಡಿಕೊಳ್ಳುವ ಮಾತಾಗಿ ಕಥೆಯೊಳಗೆ ಬಿಡಿ.

ಅಪಾಯದ ಗುರುತು ಸುಲಭ. ಚಾಪೆಯ ಮೇಲೆ ಎರಡು ಪುಸ್ತಕ ಏಕಕಾಲಕ್ಕೆ ತೆರೆದಿದ್ದರೆ ನೀವು ದಾರಿ ತಪ್ಪಿದ್ದೀರಿ. ದಾಳ ಹಿಡಿದ ಆಟಗಾರ ಅಡಿಕೆ ಸುಲಿಯಲು ಎದ್ದುಹೋದರೆ ತೀರಾ ತಡವಾಗಿದೆ.

7. ಎರಡು ನಿಮಿಷದೊಳಗೆ ತೀರ್ಮಾನಿಸಿ

ಪುಸ್ತಕ ತೆರೆದ ಕ್ಷಣದಿಂದ ಗಡಿಯಾರ ನೋಡಿ. ಎರಡು ನಿಮಿಷದಲ್ಲಿ ಸಿಗದಿದ್ದರೆ ಮುಚ್ಚಿ, ಆಟ ನಡೆಸುವ ನೀವೇ ಉತ್ತರ ಹೇಳಿ. ‘ನಿಮ್ಮ ಗ್ಲೊರಾಂತಾ ಬೇರೆಯಾಗಿರುತ್ತದೆ’ ಎಂಬ ಮಾತು ಆ ಲೋಕದ ಆಟಗಾರರಲ್ಲಿ ಹಳೆಯದು, ಆದ್ದರಿಂದ ಅಂಜಬೇಕಾಗಿಲ್ಲ.

ಬರಿಯ ‘ಇಲ್ಲ’ ಎನ್ನಬೇಡಿ. ತಡೆ ಎಲ್ಲಿದೆ, ದಾಟಲು ಏನು ತೆರಬೇಕು, ಬೇರೆ ದಾರಿ ಯಾವುದು, ಈ ಮೂರನ್ನೂ ಹೇಳಿ. ಟ್ರೋಲ್‌ಗೆ ನಾನು ಕೊಟ್ಟ ಉತ್ತರ: ‘ಒರ್ಲಾಂತ್‌ನ ಪೂಜೆಗೆ ಸಾಮಾನ್ಯ ಭಕ್ತನಾಗಿ ನಿಲ್ಲಬಹುದು. ದೀಕ್ಷೆ ಬೇಕಾದರೆ ಒಂದು ಕುಲ ನಿನ್ನನ್ನು ದತ್ತು ತೆಗೆದುಕೊಳ್ಳಬೇಕು, ಆಗ ನಿನ್ನ ತಾಯಿಯ ಮನೆ ನಿನಗೆ ಮುಚ್ಚುತ್ತದೆ. ಮನುಷ್ಯರ ಜೊತೆ ತಿರುಗುವುದೇ ನಿನ್ನ ಆಸೆಯಾದರೆ ಆರ್ಗನ್ ಆರ್ಗರ್‌ನ ಪಂಥವಿದೆ. ಅವನು ಕತ್ತಲೆಯ ದೇವರೇ, ಆದರೆ ನೆಲದ ಮೇಲಿನವರೊಡನೆ ವ್ಯಾಪಾರ ಮಾಡುವವನು.’ ಆಟಗಾರ ಚಹಾ ಲೋಟ ಕೆಳಗಿಟ್ಟು ಬಹಳ ಹೊತ್ತು ಯೋಚಿಸಿದ. ಪ್ರಶ್ನೆ ಕೇಳಿದಾಗ ಅವನಿಗೆ ಬೇಕಾಗಿದ್ದದ್ದು ಹೌದು ಅಥವಾ ಇಲ್ಲ ಅಲ್ಲ, ತೂಗಿ ನೋಡಬಹುದಾದ ಎರಡು ದಾರಿ.

ಎದ್ದ ಮೇಲೆ

8. ಬಣ್ಣ ಹಾಕಿ ಬರೆದಿಡಿ

ನೋಟ್‌ಬುಕ್ಕಿನಲ್ಲಿ, ನಿಯಮಪುಸ್ತಕದಲ್ಲಿ ಇರುವುದನ್ನು ನೀಲಿಯಲ್ಲಿ, ನೀವು ಕಟ್ಟಿದ್ದನ್ನು ಕೆಂಪಿನಲ್ಲಿ ಬರೆಯಿರಿ. ಪಕ್ಕದಲ್ಲಿ ಆಟದೊಳಗಿನ ದಿನವನ್ನೂ ಹಾಕಿ. ಗ್ಲೊರಾಂತಾದ ವರ್ಷಕ್ಕೆ 294 ದಿನ: ಎಂಟು ವಾರಗಳ ಐದು ಋತು, ಕೊನೆಗೆ ಎರಡು ವಾರಗಳ ಪವಿತ್ರ ಕಾಲ. ನಮ್ಮ ಪಂಚಾಂಗದ ಲೆಕ್ಕದಲ್ಲಿ ದಿನ ಹಾಕಿದರೆ ಹಬ್ಬಗಳೆಲ್ಲ ತಪ್ಪಿಹೋಗುತ್ತವೆ.

ಕೆಂಪು ಸಾಲನ್ನು ಮುಂದಿನ ವಾರ ಆಟ ಶುರುವಾಗುವ ಮೊದಲು ಜೋರಾಗಿ ಓದಿ ಹೇಳಿ, ಯಾರಿಗಾದರೂ ತಕರಾರಿದ್ದರೆ ಆಗಲೇ ಬರಲಿ. ಒಮ್ಮೆ ಓದಿ ಒಪ್ಪಿದ ಮೇಲೆ ಹೊಸ ಪುಸ್ತಕ ಬಂದರೂ ಆ ಸಾಲನ್ನು ಅಳಿಸಬೇಡಿ. ಅಳಿಸಿದರೆ ಅದರ ಮೇಲೆ ನಿಂತ ಪಾತ್ರದ ಕಾಲಡಿಯ ನೆಲ ಹೋಗುತ್ತದೆ. ಎರಡು ಕೆಂಪು ಸಾಲುಗಳು ಒಂದಕ್ಕೊಂದು ಹೊಡೆದಾಡಿದರೆ ಹಳೆಯದನ್ನು ಉಳಿಸಿ, ಹೊಸದನ್ನು ‘ಹಾಗೆಂದು ಯಾರೋ ಹೇಳಿದರು’ ಎಂದು ತಿದ್ದಿ.

ನಮ್ಮ ನೋಟ್‌ಬುಕ್ಕಿನ 41ನೆಯ ಪುಟದಲ್ಲಿ ಆ ಟ್ರೋಲ್‌ನ ಸಾಲು ಕೆಂಪಿನಲ್ಲಿದೆ: ‘ಆರ್ಗನ್ ಆರ್ಗರ್ ಪಂಥಕ್ಕೆ ಸೇರಿದ. ಕತ್ತಲೆಯ ಋತು, ಎರಡನೆಯ ವಾರ. ತಾಯಿಗೆ ಇನ್ನೂ ಹೇಳಿಲ್ಲ.’